ಮೆಟ್ಟಿಲ ನಡುವಿನ ಕುರ್ಚಿ

ಜನವರಿ ೧೨

ಅಕ್ಕನಿಗೆ,

ನಿನ್ನ ಹೊಲಿಗೆ ಅಂಗಡಿಯ ಕೆಳಗಿರುವ ಔಷಧಿ ಅಂಗಡಿಗೆ ಫೋನ್ ಮಾಡಿ ನಿನ್ನನ್ನು ಕರೆಸಬಹುದಿತ್ತು. ಆದರೆ ಮಿಷನ್ನಿನ ಸದ್ದಿನಲ್ಲೇ ಆಯುಷ್ಯ ಕಳೆದ ನಿನ್ನ ಕಿವಿಗೆ ನಾನು ಕೂಗಿ ಹೇಳಬೇಕು, ಕೂಗಿದ್ದು ನಿನಗಿಂತ ಮೊದಲು ನನ್ನ ಕಚೇರಿಗೆಲ್ಲ ಕೇಳಬೇಕು. ಇದು ಕೂಗಿ ಕೇಳುವ ವಿಷಯವಲ್ಲ.

ಅಪ್ಪ ತೀರಿಕೊಂಡಾಗ ಅವರಿಗೆ ಎಷ್ಟು ವಯಸ್ಸು? ನಲವತ್ತೊಂಬತ್ತು ಎಂಬುದು ಗೊತ್ತು. ನನಗೆ ತಿಂಗಳು ಬೇಕು. ಸಿಕ್ಕರೆ ದಿನವೂ ಬೇಕು.

ನಮ್ಮ ತೂಕ-ಅಳತೆ ಇಲಾಖೆಯಲ್ಲಿ ನಲವತ್ತೈದು ದಾಟಿದ ಇನ್ಸ್‌ಪೆಕ್ಟರುಗಳೆಲ್ಲ ಆರೋಗ್ಯ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಆದೇಶ ಬಂದಿದೆ. ಹೋದ ವಾರ ಹೋಗಿದ್ದೆ. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಇಪ್ಪತ್ತಮೂರು ವರ್ಷ ನಾನು ಬೇರೆಯವರ ತಕ್ಕಡಿಯ ಮುಳ್ಳು ನೋಡಿದ್ದೇನೆ. ಮುಳ್ಳಿನ ಆಚೆ ಬದಿಯಲ್ಲಿ ಕೂತದ್ದು ಅದೇ ಮೊದಲು. ಮುಳ್ಳು ಇಳಿಯುತ್ತಾ ಒಂದು ಕಡೆ ಸಣ್ಣಗೆ ನಡುಗಿತು. ಅಂಗಡಿಯವರು ನನ್ನ ಮುಖವನ್ನು ಏಕೆ ಅಷ್ಟು ದೀನವಾಗಿ ನೋಡುತ್ತಾರೆಂದು ಆಗ ತಿಳಿಯಿತು. ನೂರೈವತ್ತಕ್ಕೆ ತೊಂಬತ್ತಾರು. ಇನ್ನೊಮ್ಮೆ ನೋಡೋಣ ಎಂದರು. ಇನ್ನೊಮ್ಮೆಯೂ ಅಷ್ಟೇ.

ಆಮೇಲೆ ಒಂದು ಫಾರಂ ಕೊಟ್ಟರು. ತಂದೆ ಅಥವಾ ಸಹೋದರನಿಗೆ ಐವತ್ತೈದಕ್ಕೆ ಮೊದಲು ಹೃದಯದ ಕಾಯಿಲೆ ಇತ್ತೇ? ಹೌದು ಎಂದು ಬರೆದೆ. ತಾಯಿ ಅಥವಾ ಸಹೋದರಿಗೆ ಅರವತ್ತೈದಕ್ಕೆ ಮೊದಲು? ಇಲ್ಲ. ಅದು ಸುಲಭದ ಸಾಲು. ಮೊದಲ ಸಾಲಿನ ಪಕ್ಕ ತೀರಿಕೊಂಡಾಗಿನ ವಯಸ್ಸು ಎಂದಿದೆ, ಅಲ್ಲಿ ಪೆನ್ನು ನಿಂತಿದೆ.

ನನಗಾಗ ಒಂಬತ್ತು ವರ್ಷ. ಮಂಗನಬಾವು ಬಂದು ಕೆನ್ನೆ ಊದಿಸಿಕೊಂಡು ಚಿಕ್ಕಮ್ಮನ ಮನೆಯಲ್ಲಿದ್ದೆ. ವಾಪಸು ಬಂದಾಗ ಮನೆಯ ಸಾಮಾನೆಲ್ಲ ಗಂಟು ಕಟ್ಟಿತ್ತು, ಬಾಗಿಲ ಹಿಂದಿನ ಮೊಳೆಯಲ್ಲಿ ಅಪ್ಪನ ಕೋಟು ಇರಲಿಲ್ಲ. ಹೇಳಿದವಳು ನೀನು. "ಅಪ್ಪನ ಎದೆ ನಿಂತುಹೋಯ್ತು ಕಣೋ" ಅಂದೆ. ಅವತ್ತಿನಿಂದ ನನ್ನ ಎದೆ ನಡೆಯುತ್ತಿರುವುದನ್ನು ನಾನು ಕೇಳಿಸಿಕೊಳ್ಳುತ್ತಲೇ ಇದ್ದೇನೆ.

ಜುಲೈ ಎಂಟಕ್ಕೆ ನನಗೆ ನಲವತ್ತೊಂಬತ್ತು ತುಂಬುತ್ತದೆ. ಹೆದರಿದ್ದೇನೆಂದು ತಿಳಿಯಬೇಡ. ಫಾರಂ ತುಂಬಬೇಕು, ಅಷ್ಟೇ.

ನಿನ್ನ ತಮ್ಮ


ಜನವರಿ ೨೯

ಪ್ರೀತಿಯ ತಕ್ಕಡಿಗೆ,

ಪತ್ರ ಬಂದು ಹತ್ತು ದಿನವಾಯಿತು, ಬೈಯಬೇಡ. ಬ್ಯಾಂಡಿನವರ ಹದಿನೆಂಟು ಕೋಟು ಒಪ್ಪಿಕೊಂಡು ಕೂತಿದ್ದೇನೆ. ಕೆಂಪು ಬಟ್ಟೆ, ಎರಡು ಸಾಲು ಹಿತ್ತಾಳೆ ಗುಂಡಿ, ಒಳಗೆ ದಪ್ಪ ಅಸ್ತರು. ಅವರಲ್ಲಿ ದೊಡ್ಡ ಡೋಲು ಬಾರಿಸುವವನೊಬ್ಬನಿದ್ದಾನೆ. ಡೋಲು ಯಾವುದು ಹೊಟ್ಟೆ ಯಾವುದು ಗೊತ್ತಾಗುವುದಿಲ್ಲ; ನನ್ನ ಟೇಪು ಸಾಲದೆ ಎರಡು ಸಲ ಹಿಡಿದೆ. ನಮ್ಮ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದು, "ಅಕ್ಕಾ, ನೀವು ಅಂಗಡಿ ಇಟ್ಟಿರೋದು ಸ್ವರ್ಗದಲ್ಲಾ?" ಅಂತ ಕೇಳಿದ. ಪಾಪ ಅನ್ನಿಸಿ, ಹನ್ನೊಂದನೇ ಮೆಟ್ಟಿಲು ತಿರುಗುವ ಕಡೆ, ಕಿಟಕಿಯ ಪಕ್ಕ, ಒಂದು ಕುರ್ಚಿ ಹಾಕಿಸಿದ್ದೇನೆ. ಗಿರಾಕಿಗಳಿಗೆ ಅನುಕೂಲ.

ಇಷ್ಟು ದಪ್ಪ ಬಟ್ಟೆ ಕತ್ತರಿಸಿ ಎಡಗೈ ಸೋತುಹೋಗಿದೆ. ಭುಜದಿಂದ ಬೆರಳ ತನಕ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ. ಎಡಗೈಯವಳಾಗಿ ಹುಟ್ಟಿ ಬಲಗೈಯವರ ಕತ್ತರಿ ಹಿಡಿದದ್ದಕ್ಕೆ ಶಿಕ್ಷೆ. ಅಮ್ಮ ಆಗಲೇ ಬೈದಿದ್ದಳು, ನಾನು ಕೇಳಲಿಲ್ಲ.

ಅಪ್ಪನ ವಿಷಯ ಕೇಳಿದ್ದೀಯ. ನಲವತ್ತೊಂಬತ್ತು ಅಂತ ಬರೆದುಬಿಡು, ಯಾರು ತೂಗಿ ನೋಡುತ್ತಾರೆ? ಹಳೆಯ ಕಾಗದಗಳನ್ನು ಅಮ್ಮ ಎಲ್ಲಿಟ್ಟಳೋ ನನಗೆ ಗೊತ್ತಿಲ್ಲ. ಡಾಕ್ಟರಮ್ಮ ಕೊಟ್ಟ ಮಾತ್ರೆ ನುಂಗು, ಸಿಗರೇಟು ಬಿಡು, ಉಪ್ಪಿನ ಡಬ್ಬ ದೂರವಿಡು. ಅಪ್ಪನನ್ನು ಎದೆಯಲ್ಲಿ ಹೊತ್ತು ತಿರುಗಬೇಡ. ಅಮ್ಮನನ್ನು ನೋಡು. ಒಂದು ದಿನ ಕಾಯಿಲೆ ಅಂತ ಮಲಗಿದವಳಲ್ಲ. ಐವತ್ತೊಂಬತ್ತರಲ್ಲೂ ಇದೇ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಾ ಕೂತಲ್ಲೇ ಹೋದಳು, ಸೂಜಿ ಕೂಡ ಕೈಯಿಂದ ಬಿದ್ದಿರಲಿಲ್ಲ. ನಾವು ಅವಳ ಮಕ್ಕಳೂ ಹೌದು.

ನಿನ್ನ ಅಕ್ಕ


ಫೆಬ್ರವರಿ ೧೬

ಅಕ್ಕನಿಗೆ,

ರಕ್ತ ಪರೀಕ್ಷೆಯ ಫಲಿತಾಂಶ ಬಂದಿದೆ. ಕೊಬ್ಬು ಹೆಚ್ಚು, ಸಕ್ಕರೆ ಗಡಿಯ ಮೇಲೆ. ಸೊಂಟದ ಸುತ್ತಳತೆಯನ್ನೂ ತೆಗೆದರು. ಟೇಪನ್ನು ಸಡಿಲವಾಗಿ ಹಿಡಿದಿದ್ದರು, ಹೇಳಬೇಕೆನಿಸಿತು, ಹೇಳಲಿಲ್ಲ.

ಡಾಕ್ಟರಮ್ಮನ ಕೋಣೆಯ ಹೊರಗೆ ಗೋಡೆಯ ಮೇಲೊಂದು ದೊಡ್ಡ ಪಟ್ಟಿ ಇದೆ. ಕಾಯುತ್ತಾ ಕೂತಾಗ ಅದನ್ನು ಒಂದು ಕಾರ್ಡಿನ ಮೇಲೆ ಬರೆದುಕೊಂಡೆ, ಈಗ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತೇನೆ. ರಕ್ತದೊತ್ತಡ, ಕೊಬ್ಬು, ಸಕ್ಕರೆ, ಹೊಗೆ, ಕೂತಲ್ಲೇ ಕೂರುವ ಕೆಲಸ, ಹೊಟ್ಟೆಯ ಬೊಜ್ಜು, ಇವು ನಮ್ಮ ಕೈಯಲ್ಲಿರುವವು. ವಯಸ್ಸು ಮತ್ತು ಮನೆತನ ಕೈಯಲ್ಲಿಲ್ಲದವು. ಹೊಗೆ ಸೇದುವವರ ಪಕ್ಕದಲ್ಲಿ ಬದುಕಿದರೂ ಲೆಕ್ಕಕ್ಕೆ ಬರುತ್ತದಂತೆ. ಒಂದಕ್ಕೊಂದು ಬರಿ ಕೂಡುವುದಿಲ್ಲ, ಒಂದನ್ನೊಂದು ಬೆಳೆಸುತ್ತವೆ ಎಂದು ಡಾಕ್ಟರಮ್ಮ ವಿವರಿಸಿದರು. ಕೆಳಗೆ ಹೆಂಗಸರ ಬಗ್ಗೆ ಸಣ್ಣ ಅಕ್ಷರದಲ್ಲಿ ಇನ್ನೊಂದಿಷ್ಟು ಇತ್ತು. ಅದನ್ನು ಬರೆದುಕೊಳ್ಳಲಿಲ್ಲ, ಕಾರ್ಡಿನಲ್ಲಿ ಜಾಗವಿರಲಿಲ್ಲ.

"ಇದು ಭವಿಷ್ಯ ಅಲ್ಲ ರೀ, ಸಂಭವ. ನಿಮ್ಮಪ್ಪ ಇದರಲ್ಲಿ ಒಂದು ಸಾಲು, ಅಷ್ಟೇ" ಎಂದರು. ನಾನು ತಲೆಯಾಡಿಸಿದೆ. ಅವರಿಗೆ ಅದು ಒಂದು ಸಾಲು. ನನಗೆ ಉಳಿದ ಸಾಲುಗಳೆಲ್ಲ ಅದರ ಕೆಳಗೆ ಬರೆದವು.

ಮೊನ್ನೆ ಮಧ್ಯಾಹ್ನ ಒಂದು ಧಾನ್ಯದ ಗೋದಾಮಿನಲ್ಲಿ ತಕ್ಕಡಿ ಪರೀಕ್ಷೆ ಮಾಡುತ್ತಿದ್ದೆ. ಒಂದು ಕೈಯಲ್ಲಿ ತೂಕದ ಕಲ್ಲು, ಇನ್ನೊಂದು ಕೈ ಹೇಗೋ ಕುತ್ತಿಗೆಯ ನಾಡಿಗೆ ಹೋಗಿತ್ತು. ಮಾಲೀಕ, "ಸಾರ್, ತುಂಬಾ ಬೆವರ್ತಿದ್ದೀರಿ, ಕೂತ್ಕೊಳ್ಳಿ" ಅಂದ. ಕಾರ್ಡಿನ ಹಿಂಬದಿಯಲ್ಲಿ ತಣ್ಣನೆಯ ಬೆವರು ಎಂದು ಬರೆದಿದ್ದೆ. ಮೂಟೆಯ ಮೇಲೆ ಕೂತು ನನ್ನ ಬೆವರು ತಣ್ಣಗಿದೆಯೋ ಬಿಸಿಯೋ ಎಂದು ಮುಟ್ಟಿ ನೋಡಿಕೊಂಡೆ. ಕಾಲು ಗಂಟೆಯ ನಂತರ ಅವನೇ ಹೇಳಿದ, ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಗೋದಾಮಿನವರೆಲ್ಲ ಬೆವರುತ್ತಿದ್ದರು.

ಸಿಗರೇಟು ಬಿಟ್ಟಿದ್ದೇನೆ. ಮೆಟ್ಟಿಲು ಹತ್ತುವುದನ್ನೂ ಬಿಟ್ಟಿದ್ದೇನೆ. ಡಾಕ್ಟರಮ್ಮ ಹತ್ತಲೇಬೇಕು ಎನ್ನುತ್ತಾರೆ, ನನಗೆ ಧೈರ್ಯವಿಲ್ಲ.

ನಿನ್ನ ಕೈನೋವಿಗೆ ಮದ್ದು ಕಳಿಸಿದ್ದೇನೆ. ಎಡಗೈಯವರಿಗೆಂದೇ ಮಾಡಿದ ಕತ್ತರಿ. ಒಂದು ಉಪಕರಣದ ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತಲು ಹೋದಾಗ ಕಣ್ಣಿಗೆ ಬಿತ್ತು. ಪಾರ್ಸೆಲ್ ಈ ಪತ್ರದ ಹಿಂದೆಯೇ ಬರುತ್ತದೆ.

ಅಪ್ಪನ ಕಾಗದ ಹುಡುಕು. ಸುಮ್ಮನೆ ಕೇಳುತ್ತಿಲ್ಲ.

ನಿನ್ನ ತಮ್ಮ


ಮಾರ್ಚ್ ೨೦

ಪ್ರೀತಿಯ ತಕ್ಕಡಿಗೆ,

ಕತ್ತರಿ ಬಂತು. ಐವತ್ತೇಳು ವರ್ಷಕ್ಕೆ ಮೊದಲ ಸಲ ಕತ್ತರಿ ನನ್ನ ಮಾತು ಕೇಳುತ್ತಿದೆ. ಬಟ್ಟೆಯ ಮೇಲಿಟ್ಟರೆ ತಾನೇ ಓಡುತ್ತದೆ. ಬಂದವರಿಗೆಲ್ಲ ತೋರಿಸಿ, "ನನ್ನ ತಮ್ಮ ಕಳ್ಸಿದ್ದು, ಯಾರೂ ಮುಟ್ಟಬೇಡಿ" ಅಂತ ಹೇಳುತ್ತಿದ್ದೇನೆ. ಕೈಗೆ ಇನ್ನೂ ಅಭ್ಯಾಸವಾಗಿಲ್ಲವೋ ಏನೋ, ನೋವು ಪೂರ್ತಿ ಹೋಗಿಲ್ಲ. ಹೋಗುತ್ತದೆ.

ಬ್ಯಾಂಡಿನವರು ಕೋಟು ತೆಗೆದುಕೊಂಡು ಹೋದರು. ಡೋಲಿನವನು ಹಾಕಿಕೊಂಡು ಉಸಿರು ಬಿಟ್ಟ, ಒಂದು ಗುಂಡಿಯೂ ಕಿತ್ತುಬರಲಿಲ್ಲ. ಕುರ್ಚಿ ಮಾತ್ರ ಅಲ್ಲೇ ಇದೆ. ಕಿಟಕಿಯಿಂದ ಬೀದಿ ಚೆನ್ನಾಗಿ ಕಾಣುತ್ತದೆ.

ಹೋದ ತಿಂಗಳು ದವಡೆ ನೋವು ಶುರುವಾಯಿತು. ಕೆಳಗಿನ ಹಲ್ಲೊಂದನ್ನು ಕೀಳಿಸಿದೆ. ಕೀಳಿಸಿದ ಮೇಲೂ ನೋವು ಆಗಾಗ ಬರುತ್ತದೆ, ಅದೂ ಮೆಟ್ಟಿಲು ಹತ್ತುವಾಗ. ಹಲ್ಲಿನ ಡಾಕ್ಟರು ಬೇರೆ ಹಲ್ಲು ಕಿತ್ತರೋ ಏನೋ. ಇನ್ನೊಂದು ಕೀಳಿಸಿದರೆ ನಿನ್ನ ಮುಂದೆ ನಗುವುದಕ್ಕೂ ಆಗುವುದಿಲ್ಲ. ನನ್ನ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದೇನೆ, ದಿನ ಬಿಟ್ಟು ದಿನ. ದಿನಾ ನುಂಗಿದರೆ ತಲೆ ಸುತ್ತುತ್ತದೆ.

ಅಪ್ಪನ ವಿಷಯದಲ್ಲಿ ನಾನು ನಿನಗೆ

ಮೇಲಿನ ಸಾಲಿನ ಮುಂದಿನ ನಾಲ್ಕು ಸಾಲನ್ನು ಹೊಡೆದುಹಾಕಿದ್ದೇನೆ. ಗಿರಾಕಿ ಬಂದರು. ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ ಅಕ್ಕ


ಏಪ್ರಿಲ್ ೪

ಅಕ್ಕನಿಗೆ,

ಹೊಡೆದುಹಾಕಿದ ಸಾಲುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. "ಅಮ್ಮ ಆಣೆ" ಎಂಬುದಷ್ಟೇ ಕಂಡಿತು. ನೀನು ಏನನ್ನೋ ಮುಚ್ಚಿಡುತ್ತಿದ್ದೀಯ. ನಲವತ್ತೊಂಬತ್ತೂ ಅಲ್ಲವೇ? ಅದಕ್ಕಿಂತ ಮೊದಲೇ ಹೋದರೇ? ಹಾಗಿದ್ದರೆ ನನ್ನ ದಿನ ಈಗಾಗಲೇ ಕಳೆದಿದೆ, ಅಥವಾ ಇವತ್ತೇ.

ಡಾಕ್ಟರಮ್ಮ ನನ್ನನ್ನು ನಡೆಯುವ ಯಂತ್ರದ ಮೇಲೆ ಹತ್ತಿಸಿ, ಎದೆಗೆ ತಂತಿ ಅಂಟಿಸಿ ನೋಡಿದರು. ಸದ್ಯಕ್ಕೆ ಏನೂ ಕಾಣುತ್ತಿಲ್ಲ ಎಂದರು. ಸದ್ಯಕ್ಕೆ ಎಂಬ ಮಾತನ್ನು ನಾನು ಮನೆಗೆ ತಂದು ಮೇಜಿನ ಮೇಲಿಟ್ಟುಕೊಂಡು ಕೂತಿದ್ದೇನೆ. ಬೆಳಿಗ್ಗೆ ಹಾಸಿಗೆಯಲ್ಲಿ ಏಳುವ ಮೊದಲು ನೂರರ ತನಕ ಬಡಿತ ಎಣಿಸುತ್ತೇನೆ. ಒಂದು ತಪ್ಪಿದಂತೆ ಕಂಡರೆ ಮತ್ತೆ ಮೊದಲಿನಿಂದ. ಕಚೇರಿಗೆ ತಡವಾಗುತ್ತಿದೆ.

ನಿನಗೆ ಹೇಳಿರದ ಒಂದು ಮಾತು ಹೇಳುತ್ತೇನೆ. ಲೆಕ್ಕದ ಟೀಚರೊಬ್ಬರು ನೆನಪಿದ್ದಾರೆಯೇ? ನಿನ್ನ ಅಂಗಡಿಗೆ ಒಮ್ಮೆ ಕರೆತಂದಿದ್ದೆ, ನೀನು ಅವರ ತೋಳಿನ ಅಳತೆ ತೆಗೆದು ಇಂಥ ನೀಟಾದ ಕೈ ನೋಡಿಲ್ಲ ಎಂದಿದ್ದೆ. ಅವರು ನನ್ನನ್ನು ಬಿಟ್ಟರೆಂದು ನೀನು ತಿಳಿದಿದ್ದೀಯ. ಬಿಟ್ಟವನು ನಾನು. ನಮ್ಮ ಮನೆಯ ಗಂಡಸರು ಐವತ್ತು ನೋಡುವುದಿಲ್ಲ ಎಂದೆ. ಅವರು, "ಒಂದೇ ಉದಾಹರಣೆಯಿಂದ ಸೂತ್ರ ಮಾಡ್ತಾರೇನ್ರೀ?" ಎಂದು ಕೇಳಿದರು. ನಾನು ಎದ್ದು ಬಂದೆ. ಇಪ್ಪತ್ತು ವರ್ಷವಾಯಿತು.

ಹಾಗಾಗಿ ದಯವಿಟ್ಟು ತಾರೀಖು ಹೇಳು. ಎಂಥದಾದರೂ ಸರಿ.

ನಿನ್ನ ತಮ್ಮ


ಏಪ್ರಿಲ್ ೩೦

ತಮ್ಮಾ,

ಟೀಚರ ವಿಷಯ ಓದಿದ ಮೇಲೆ ಮೂರು ವಾರ ಈ ಕಾಗದದ ಮುಂದೆ ಕೂತೆದ್ದಿದ್ದೇನೆ. ಸುತ್ತಿಬಳಸಿ ಹೇಳಿದರೂ ಅಷ್ಟೇ, ನೇರ ಹೇಳಿದರೂ ಅಷ್ಟೇ.

ಅಪ್ಪ ಆಗ ಸಾಯಲಿಲ್ಲ. ಬಿಟ್ಟುಹೋದರು.

ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುತ್ತಿದ್ದವರು ಒಂದು ಬೆಳಿಗ್ಗೆ ಕೋಟು, ಗಡ್ಡ ಹೆರೆಯುವ ಬ್ರಷ್ಷು ತೆಗೆದುಕೊಂಡು ಹೊರಟರು. ಬೇರೆ ಊರಿನಲ್ಲಿ ಅವರಿಗೆ ಬೇರೆ ಮನೆ ಇತ್ತು. ಅಮ್ಮ ಒಲೆಯ ಮುಂದಿನಿಂದ ಏಳಲೇ ಇಲ್ಲ. ಮಾರನೇ ದಿನ ನನಗೆ ಹೇಳಿದಳು, "ಸತ್ತ ಅಂದ್ರೆ ಅಳು ಮುಗಿಯುತ್ತೆ. ಹೋದ ಅಂದ್ರೆ ಹುಡುಗ ದಿನಾ ಬಾಗಿಲು ಕಾಯ್ತಾನೆ. ಎದೆ ನಿಂತುಹೋಯ್ತು ಅಂತ ಹೇಳು." ಏನಾಗಿ ಸತ್ತರು ಅಂತ ನೀನು ಕೇಳುತ್ತೀಯ ಅಂತ ಅವಳಿಗೆ ಗೊತ್ತಿತ್ತು, ಎಲ್ಲದಕ್ಕೂ ಕಾರಣ ಕೇಳುವವನು ನೀನು. ಆಣೆ ಹಾಕಿಸಿಕೊಂಡಳು. ನನಗಾಗ ಹದಿನೆಂಟು. ನೀನು ಚಿಕ್ಕಮ್ಮನ ಮನೆಯಿಂದ ಬರುವಷ್ಟರಲ್ಲಿ ಗಂಟು ಕಟ್ಟಿಯಾಗಿತ್ತು, ಆಮೇಲೆ ಊರನ್ನೇ ಬದಲಿಸಿದೆವು. ಎದೆ ಅಂತ ಹೇಳಿದ್ದು ಅವಳ ಬಾಯಿಗೆ ಆ ಹೊತ್ತಿಗೆ ಬಂದದ್ದಕ್ಕೆ. ಜ್ವರ ಅಂದಿದ್ದರೂ ಆಗುತ್ತಿತ್ತು.

ಅಮ್ಮ ಸತ್ತ ವರ್ಷ ಅಪ್ಪ ಅಂಗಡಿಗೆ ಬಂದಿದ್ದರು. ಅರವತ್ತಾರು ವಯಸ್ಸು, ಇಪ್ಪತ್ತೆರಡು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ ಬಂದರು. ಕೋಟು ಹೊಲಿದು ಕೊಡ್ತೀಯಾ ಅಂತ ಕೇಳಿದರು. ಅಳತೆ ತೆಗೆದೆ. ಟೇಪಿನ ಕೆಳಗೆ ಎದೆ ಸರಿಯಾಗಿ ಬಡಿಯುತ್ತಿತ್ತು. ಹೊಲಿದೂ ಕೊಟ್ಟೆ. ಐದು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು, ಎಂಬತ್ತಮೂರಕ್ಕೆ ಹೋದರಂತೆ. ಎದೆಗೆ ಏನೂ ಆಗಿರಲಿಲ್ಲ.

ಅಮ್ಮ ನಿನಗೆ ತಾನೇ ಹೇಳಬೇಕು ಅಂತಿದ್ದಳು. ಕೊನೆಯ ಆರು ತಿಂಗಳು ಹನ್ನೊಂದನೇ ಮೆಟ್ಟಿಲಲ್ಲಿ ಕಿಟಕಿ ಹಿಡಿದು ನಿಂತು, "ಸ್ವಲ್ಪ ಗಾಳಿ ಕುಡೀತೀನಿ, ನೀನು ಹೋಗಿ ಬಾಗಿಲು ತೆಗಿ" ಅನ್ನುತ್ತಿದ್ದಳು. ಅಲ್ಲಿ ನಿಂತಾಗಲೆಲ್ಲ ನಿನ್ನ ಮಾತೇ. ಹೊಟ್ಟೆ ಉಬ್ಬರ ಕಡಿಮೆಯಾಗಲಿ, ಅವನನ್ನ ಕರೆಸಿ ಹೇಳ್ತೀನಿ ಅಂದಳು. ಕಡಿಮೆಯಾಗಲಿಲ್ಲ.

ಅವಳು ಹೋದ ಮೇಲಾದರೂ ನಾನು ಹೇಳಬೇಕಿತ್ತು. ವರ್ಷ ಕಳೆದಂತೆ ಅದು ಸುಳ್ಳು ಅನ್ನುವುದೇ ಮರೆಯಿತು. ನೀನು ಹೆದರುತ್ತಿದ್ದೀಯ ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರಲಿಲ್ಲ.

ನಿನ್ನ ಅಕ್ಕ


ಮೇ ೨೪

ಅಕ್ಕನಿಗೆ,

ನಿನ್ನ ಪತ್ರ ತಲುಪಿತು.

ಮಾರನೇ ದಿನ ಐದು ಮಹಡಿಯ ಗೋದಾಮನ್ನು ತೂಕದ ಪೆಟ್ಟಿಗೆ ಹೊತ್ತು ಹತ್ತಿದೆ. ಏನೂ ಆಗಲಿಲ್ಲ. ತುದಿಯಲ್ಲಿ ನಿಂತು ಒಂದು ಸಿಗರೇಟು ಸೇದಿದೆ. ಆಗಲೂ ಏನೂ ಆಗಲಿಲ್ಲ.

ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ತಪ್ಪು ತಕ್ಕಡಿಯಲ್ಲ. ಪರೀಕ್ಷೆಗೆ ಒಯ್ಯುವ ಕಲ್ಲೇ ತಪ್ಪಾಗಿರುವುದು. ಆಗ ಇನ್ಸ್‌ಪೆಕ್ಟರು ಸರಿಯಿದ್ದ ತಕ್ಕಡಿಗಳನ್ನೆಲ್ಲ ತಪ್ಪೆಂದು ಮುಚ್ಚಿಸುತ್ತಾ ಊರೂರು ತಿರುಗುತ್ತಾನೆ. ನಾನು ನಲವತ್ತು ವರ್ಷ ತಿರುಗಿದ್ದೇನೆ. ಕಲ್ಲು ಕೊಟ್ಟವಳು ನೀನು.

ಹೆದರಿಕೆ ಹೋಗುತ್ತದೆಂದುಕೊಂಡಿದ್ದೆ. ಹೋಗಿಲ್ಲ. ಯಜಮಾನ ಸತ್ತ ಮನೆಯ ನಾಯಿಯ ಹಾಗೆ ಕೋಣೆಯಿಂದ ಕೋಣೆಗೆ ಸುತ್ತುತ್ತಿದೆ, ಯಾರ ಕಾಲ ಬಳಿ ಮಲಗಬೇಕೆಂದು ಅದಕ್ಕೆ ಗೊತ್ತಾಗುತ್ತಿಲ್ಲ.

ಸ್ವಲ್ಪ ಕಾಲ ಬರೆಯಬೇಡ.


ಜೂನ್ ೧೧

ತಮ್ಮಾ,

ಬರೆಯಬೇಡ ಅಂದಿದ್ದೀಯ. ಬರೆಯುತ್ತಿದ್ದೇನೆ. ಅಕ್ಷರ ಓದಲಾಗದಿದ್ದರೆ ಕ್ಷಮಿಸು, ಬಲಗೈಯಲ್ಲಿ ಬರೆದದ್ದು. ಎಡಗೈ ಎತ್ತಿದರೆ ಭಾರ. ನಿನ್ನ ಕತ್ತರಿಯದೇನೂ ತಪ್ಪಿಲ್ಲ, ಅದು ಚಿನ್ನದಂಥ ಕತ್ತರಿ. ಈಗ ಹದಿನೈದು ದಿನದಿಂದ ಮುಟ್ಟಿಯೇ ಇಲ್ಲ, ಬರಿ ಗುಂಡಿ ಹಾಕುವ ಕೆಲಸ ಇಟ್ಟುಕೊಂಡಿದ್ದೇನೆ. ಆದರೂ ಕೈ ಹಾಗೇ ಇದೆ.

ಮೊನ್ನೆ ಮಧ್ಯಾಹ್ನ ಕೂತಿದ್ದ ಹಾಗೇ ಮೈಯೆಲ್ಲ ತಣ್ಣಗೆ ಬೆವರಿತು. ಕೆಳಗಿನ ಔಷಧಿ ಅಂಗಡಿಯವರು ಗ್ಯಾಸ್ ಇರಬೇಕು ಅಂತ ಮಾತ್ರೆ ಕೊಟ್ಟರು. ನೀನಿದ್ದಿದ್ದರೆ ಬೆವರು ಮುಟ್ಟಿ ನೋಡುತ್ತಿದ್ದೆ ಅಂತ ನೆನಪಾಗಿ ನಗು ಬಂತು.

ನಿನಗೆ ನನ್ನ ಮೇಲೆ ಕೋಪ ಇರುವುದು ಸರಿ. ಆದರೆ ಒಂದು ದಿನ ನೆನಪಾಗುತ್ತದೆ. ಮಗು ಹೊಟ್ಟೆಯಲ್ಲಿದ್ದಾಗ ನನಗೆ ಬಿ.ಪಿ. ಏರಿ, ಮಗು ಉಳಿಯದೇ ಹೋಯಿತಲ್ಲ, ಆಗ ನೀನು ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಎರಡು ದಿನ ಕೂತಿದ್ದೆ. ನಿನ್ನ ಭಾವ ಸಿಗರೇಟು ಸೇದುತ್ತಾ ಆಚೆ ಈಚೆ ತಿರುಗುತ್ತಿದ್ದರು, ನೀನು ಮಾತ್ರ ಎದ್ದಿರಲಿಲ್ಲ. ಒಳಗೆ ಬಂದು ನನ್ನ ಕಾಲು ಒತ್ತಿದೆ. ಅವತ್ತೇ ಹೇಳಬೇಕಿತ್ತು.

ಈಗೀಗ ಬೆಳಿಗ್ಗೆ ಹತ್ತುವಾಗಲೂ ಸಂಜೆ ಇಳಿಯುವಾಗಲೂ ಆ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ. ಗಾಳಿ ಚೆನ್ನಾಗಿದೆ.

ನಿನ್ನ ಅಕ್ಕ


ಜೂನ್ ೧೭

ಅಕ್ಕಾ,

ಈ ಪತ್ರವನ್ನು ನಿನ್ನ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಆಸ್ಪತ್ರೆಯಲ್ಲಿ ನಿನ್ನ ಸಕ್ಕರೆ ಮಾತ್ರೆಯ ಚೀಟಿ ಕೇಳಿದರು, ಅದನ್ನು ಹುಡುಕಲು ಅಂಗಡಿಗೆ ಬಂದೆ. ನಾಲ್ಕು ಗಂಟೆಗೆ ಮೊದಲು ಯಾರನ್ನೂ ಒಳಗೆ ಬಿಡುವುದಿಲ್ಲ. ನರ್ಸ್ ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತೇನೆ ಎಂದಿದ್ದಾರೆ. ಮಾತಾಡಿಸಬೇಡಿ ಎಂದೂ ಹೇಳಿದ್ದಾರೆ, ಆದ್ದರಿಂದ ಓದು, ಉತ್ತರ ಬೇಡ.

ಮೊನ್ನೆ ಬೆಳಿಗ್ಗೆ ನಿನ್ನ ಪತ್ರ ಕಚೇರಿಗೆ ಬಂತು. ಓದಿ ಡ್ರಾಯರಿನಲ್ಲಿ ಹಾಕಲು ಹೋದೆ. ಕೋಪ ಇನ್ನೂ ಇತ್ತು. ಆದರೆ ಒಂದು ಸಾಲು ಕೈಯಲ್ಲೇ ಉಳಿಯಿತು. ಕತ್ತರಿ ಮುಟ್ಟಿಯೇ ಇಲ್ಲ, ಆದರೂ ಕೈ ಹಾಗೇ ಇದೆ. ತಕ್ಕಡಿ ಒಂದೇ ಕಡೆ ವಾಲುತ್ತಿದ್ದರೆ ನಾವು ಮೊದಲು ಕಲ್ಲು ಬದಲಿಸಿ ನೋಡುತ್ತೇವೆ. ಆಗಲೂ ವಾಲಿದರೆ ಎರಡೂ ತಟ್ಟೆಯನ್ನು ಖಾಲಿ ಮಾಡುತ್ತೇವೆ. ಖಾಲಿ ತಕ್ಕಡಿಯೂ ವಾಲಿದರೆ ದೋಷ ತಟ್ಟೆಗಳನ್ನು ಹೊತ್ತ ದಂಡಿಗೆಯೊಳಗೇ ಇದೆ. ಇದನ್ನು ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತದ್ದು.

ನಿನ್ನ ಪತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಫ್ಯಾನಿಗೆ ಹಾರದಂತೆ ಒಂದೊಂದರ ಮೇಲೂ ತೂಕದ ಕಲ್ಲಿಟ್ಟೆ. ಜೇಬಿನ ಕಾರ್ಡು ತೆಗೆದೆ. ಅಷ್ಟು ದಿನ ನನ್ನನ್ನು ತೂಗಿದ ಕಾರ್ಡಿನಲ್ಲಿ ನಿನ್ನನ್ನು ಇಟ್ಟು ನೋಡಿರಲಿಲ್ಲ. ಸಕ್ಕರೆ. ಕೂತಲ್ಲೇ ಕೂರುವ ಕೆಲಸ. ಭಾವ ಇದ್ದಷ್ಟು ಕಾಲದ ಹೊಗೆ, ಇಪ್ಪತ್ತು ವರ್ಷ. ದವಡೆ, ತೋಳು, ಮೆಟ್ಟಿಲು, ಬೆವರು. ಕೋಟುಗಳು ಮಾರ್ಚಿನಲ್ಲೇ ಹೋಗಿವೆ, ಕುರ್ಚಿ ಜೂನಿನಲ್ಲೂ ಅಲ್ಲೇ ಇದೆ. ಡಾಕ್ಟರಮ್ಮನ ಕೋಣೆಗೆ ಓಡಿದೆ, ನಿಜವಾಗಿ ಓಡಿದೆ, ಗೋಡೆಯ ಪಟ್ಟಿಯ ಕೆಳಗಿನ ಸಣ್ಣಕ್ಷರ ಓದಿದೆ. ಮುಟ್ಟು ನಿಂತ ಮೇಲೆ. ಬಸಿರಿನಲ್ಲಿ ರಕ್ತದೊತ್ತಡ ಏರಿದ್ದವರಿಗೆ. ಹೆಂಗಸರಲ್ಲಿ ನೋವು ಎದೆಯಲ್ಲೇ ಬರಬೇಕೆಂದಿಲ್ಲ. ದವಡೆ, ಬೆನ್ನು, ತೋಳು, ಹೊಟ್ಟೆ ಉಬ್ಬರ, ಬರಿಯ ಸುಸ್ತು. ಕಾರ್ಡಿನಲ್ಲಿ ಜಾಗವಿರಲಿಲ್ಲ ಎಂದು ನಿನಗೆ ಬರೆದಿದ್ದೆ. ಹಿಂಬದಿ ಅರ್ಧ ಖಾಲಿಯಿತ್ತು.

ಆಮೇಲೆ ಅಮ್ಮ. ಕಿಟಕಿ ಹಿಡಿದು ಗಾಳಿ ಕುಡಿಯುತ್ತಿದ್ದ ಅಮ್ಮ.

ವಾಪಸು ಬಂದು ಔಷಧಿ ಅಂಗಡಿಗೆ ಫೋನ್ ಮಾಡಿದೆ. ಕಚೇರಿಗೆಲ್ಲ ಕೇಳುವಂತೆ ಕೂಗಿದೆ. ಅವರು ತಣ್ಣಗೆ, "ಒಂದು ಗಂಟೆ ಆಯ್ತು ಸಾರ್, ಕುರ್ಚೀಲಿ ಕೂತಿದ್ದೋರು ಏಳ್ಲಿಲ್ಲ. ನಾನೇ ದೊಡ್ಡಾಸ್ಪತ್ರೆಗೆ ಸೇರಿಸಿ ಬಂದೆ" ಎಂದರು. ನಂತರದ ರೈ‌ಲಿನ ವಿಷಯ ಬರೆಯುವುದಿಲ್ಲ. ಆರು ಗಂಟೆಯ ಪ್ರಯಾಣ. ನಾನು ಒಮ್ಮೆಯೂ ನಾಡಿ ಮುಟ್ಟಿಕೊಳ್ಳಲಿಲ್ಲ, ಅದು ಇಳಿದ ಮೇಲೆ ಗೊತ್ತಾಯಿತು.

ಗಾಜಿನ ಆಚೆಯಿಂದ ನಿನ್ನನ್ನು ನೋಡಿದೆ. ನೀನು ಇಷ್ಟು ಸಣ್ಣಗಿದ್ದೀಯೆಂದು ಗೊತ್ತಿರಲಿಲ್ಲ. ಡಾಕ್ಟರು ನನ್ನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ನೋವು ಯಾವಾಗಿನಿಂದ ಎಂದಾಗ ನಾನು ಪತ್ರಗಳನ್ನೇ ಕೊಟ್ಟೆ. ಅವರು ಪೆನ್ಸಿಲು ಹಿಡಿದು ಒಂದೊಂದಾಗಿ ಓದಿದರು, ಗೆರೆ ಎಳೆಯುತ್ತಾ. ಡೋಲಿನವನ ಮಾತಿಗೆ ನಕ್ಕರು. ನಗುತ್ತಲೇ ಅದರ ಕೆಳಗಿನ ಸಾಲಿಗೆ ಗೆರೆ ಎಳೆದರು. ಕೊನೆಗೆ, "ಇದೆಲ್ಲ ಇವರು ಯಾರಿಗೆ ಬರೀತಿದ್ರು?" ಎಂದು ಕೇಳಿದರು. ನನಗೆ ಎಂದೆ. ಅವರು ಪತ್ರಗಳನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಇನ್ನೇನಾದರೂ ಕೇಳಿದ್ದರೆ ಒಳ್ಳೆಯದಿತ್ತು.

ಎರಡು ರಕ್ತನಾಳ ಮುಚ್ಚಿಕೊಂಡಿವೆಯಂತೆ. ಒಂದು ಸಂಪೂರ್ಣ. ಮೊನ್ನೆ ಮದ್ದು ಕೊಟ್ಟು ಹಿಡಿದು ನಿಲ್ಲಿಸಿದ್ದಾರೆ, ನಾಳೆ ಬೆಳಿಗ್ಗೆ ತೆರೆಯಲು ನೋಡುತ್ತಾರೆ. ಆಗುತ್ತದೆಯೇ ಎಂದೆ. ಸಂಭವ ಎಂದರು. ಆ ಮಾತು ನನಗೆ ಹಳೆಯದು, ಆದರೆ ನನಗಾಗಿ ಕೇಳಿದಾಗ ಅದಕ್ಕೆ ಇಷ್ಟು ಭಾರವಿರಲಿಲ್ಲ.

ಇಲ್ಲಿಯೂ ಒಂದು ಫಾರಂ ಇತ್ತು. ತಂದೆ ಎಂಬ ಸಾಲಿನಲ್ಲಿ ಇಲ್ಲ ಎಂದು ಬರೆದೆ. ತಾಯಿ ಎಂಬಲ್ಲಿ ಐವತ್ತೊಂಬತ್ತು. ಬರೆದ ಮೇಲೆ ಕೈ ನಿಂತಿತು. ನನ್ನ ಊರಿನ ಕಡತದಲ್ಲಿರುವ ನನ್ನ ಫಾರಂ ನೆನಪಾಯಿತು. ಅದರಲ್ಲಿ ಹೌದು ಇದ್ದಲ್ಲಿ ಇಲ್ಲ ಆಗಬೇಕು, ಇಲ್ಲ ಇದ್ದಲ್ಲಿ ಹೌದು, ತಾಯಿ ಮತ್ತು ಸಹೋದರಿ. ನನ್ನ ಹೆದರಿಕೆ ತಪ್ಪಾಗಿರಲಿಲ್ಲ ಅಕ್ಕಾ. ವಿಳಾಸ ತಪ್ಪಾಗಿತ್ತು. ಐದು ವಾರ ನಾನು ಬಿಡುಗಡೆಯಾದವನಂತೆ ಸಿಗರೇಟು ಸೇದಿದೆ, ಆ ಐದು ವಾರ ನೀನು ಇಲ್ಲಿ ಕೂತಿದ್ದೆ.

ಕುರ್ಚಿಯ ಕೆಳಗೆ ನಿನ್ನ ನೀರಿನ ಬಾಟಲಿ ಇದೆ. ಕೈಯಿಡುವ ಕಡೆ ಬಣ್ಣ ಹೋಗಿದೆ, ಎಡಗಡೆ ಮಾತ್ರ. ಕಿಟಕಿಯ ಕಂಬಿಗೆ ಐದಾರು ಗುಂಡುಸೂಜಿ ಸಿಕ್ಕಿಸಿದ್ದೀಯ. ಗಿರಾಕಿಗಳು ಗುಂಡುಸೂಜಿ ಇಟ್ಟುಕೊಂಡು ಓಡಾಡುವುದಿಲ್ಲ. ಕಿಟಕಿಯಿಂದ ಬೀದಿ ಚೆನ್ನಾಗಿ ಕಾಣುತ್ತದೆ ಎಂದಿದ್ದೆ. ಎದುರಿನ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ.

ನಾಲ್ಕಾಗಲು ಇನ್ನು ಇಪ್ಪತ್ತು ನಿಮಿಷ. ಇಳಿಯುತ್ತೇನೆ. ಕೋಪವಿಲ್ಲ. ಇದ್ದರೂ ನೀನು ಎದ್ದು ಬಂದ ಮೇಲೆ ನೋಡೋಣ.

ನಿನ್ನ ತಮ್ಮ


ಜೂನ್ ೧೮, ಬೆಳಿಗ್ಗೆ
(ಔಷಧಿಯ ಚೀಟಿಯ ಹಿಂಬದಿಯಲ್ಲಿ, ಬಲಗೈ ಬರಹ)

ತಕ್ಕಡಿ,

ಉತ್ತರ ಬೇಡ ಅಂದಿದ್ದೀಯ. ನರ್ಸಮ್ಮನನ್ನು ಕಾಡಿ ಪೆನ್ನು ಇಸಕೊಂಡೆ. ಈಗ ಕರೆದುಕೊಂಡು ಹೋಗುತ್ತಾರೆ.

ಕುರ್ಚಿ ನನಗೇ ಹಾಕಿಸಿದ್ದು. ಡೋಲಿನವನು ಒಂದು ಸಲವೂ ಕೂರಲಿಲ್ಲ, ನೇರ ಹತ್ತಿಬಂದ. ಅಮ್ಮ ನಿಂತಿದ್ದ ಜಾಗದಲ್ಲಿ ನಿಲ್ಲುವುದಕ್ಕೆ ಭಯವಾಗಿ ಕೂರುವ ಹಾಗೆ ಮಾಡಿಕೊಂಡೆ. ಏನು ಅಂತ ಒಳಗೆ ಗೊತ್ತಿತ್ತು. ನಿನಗೆ ಬರೆದರೆ ನಿಜವಾಗಿಬಿಡುತ್ತೆ ಅಂತ ಕೈಯ ಮೇಲೆ, ಹಲ್ಲಿನ ಮೇಲೆ ಹಾಕಿ ಬರೆದೆ. ನೀನು ಹಿಡಿಯುತ್ತೀಯ ಅಂತಲೂ ಆಸೆ ಇತ್ತು.

ಸಿಗರೇಟು ಬಿಡು. ಊರಿಗೆ ಹೋದ ತಕ್ಷಣ ಆ ಫಾರಂ ತಿದ್ದಿಸು, ನನ್ನ ವಯಸ್ಸು ಐವತ್ತೇಳು ಅಂತ ಸರಿಯಾಗಿ ಬರಿ. ಹೊರಗಿನ ಬೆಂಚಿನಲ್ಲಿ ಇದ್ದೀಯ ಅಂತ ನರ್ಸಮ್ಮ ಹೇಳಿದರು. ಏಳಬೇಡ.

ನನಗೆ ತುಂಬಾ ಹೆದರಿಕೆ ಆಗ್ತಿದೆ ಕಣೋ.